ತಂತಿ ಕತ್ತರಿಸುವ ಮುನ್ನ



ಈ ಸಲದ ಬರಹಕ್ಕೆ ಕಾರಣನಾದವನು ನನ್ನ ತಂಗಿಯ ಮಗ. ಇಂಗ್ಲೆಂಡಿನ ಕವೆಂಟ್ರಿ ನಗರದಲ್ಲಿ ಇಪ್ಪತ್ತು ವರ್ಷಗಳಿಂದ ನೆಲೆಸಿರುವ ಆತ ಕಳೆದ ಚಳಿಗಾಲದಲ್ಲಿ ಒಂದು ಹಳೆಯ ಮೋಟಾರು ಸೈಕಲ್ಲನ್ನು ಕೊಂಡ. ಟ್ರಯಂಫ್ ಕಂಪನಿಯ ಟೈಗರ್ ಕಬ್ ಎಂಬ 199 ಸಿಸಿಯ ಪುಟ್ಟ ಗಾಡಿ. 1950ರ ದಶಕದಲ್ಲಿ ಅದು ತಯಾರಾದದ್ದು ಆತನ ಮನೆಯಿಂದ ಹೆಚ್ಚು ದೂರವಿಲ್ಲದ ಮೆರಿಡನ್ ಎಂಬ ಹಳ್ಳಿಯ ಕಾರ್ಖಾನೆಯಲ್ಲಿ. ಆ ಕಾರ್ಖಾನೆ 1983ರಲ್ಲಿ ಮುಚ್ಚಿಹೋಯಿತು. ಗಾಡಿ ಮಾತ್ರ ಕೈಯಿಂದ ಕೈಗೆ ದಾಟುತ್ತ, ನಡುವೆ ಯಾರೋ ಒಬ್ಬರ ಕೈಯಲ್ಲಿ ‘ಟ್ರಯಲ್ಸ್’ ಸ್ಪರ್ಧೆಯ ಗಾಡಿಯಾಗಿ ಮಾರ್ಪಾಡು ಹೊಂದಿ, ಕಡೆಗೆ ನಮ್ಮ ಹುಡುಗನ ಪಾಲಿಗೆ ಬಂದಿತು.

ಒಂದು ಭಾನುವಾರ ಆತ ನನಗೆ ಫೋನಿನಲ್ಲಿ ನಾಲ್ಕಾರು ಚಿತ್ರಗಳನ್ನು ಕಳುಹಿಸಿದ. ಹೆಡ್‌ಲೈಟಿನ ಬುರುಡೆಯೊಳಗೆ ಬಟ್ಟೆಯ ಹೊದಿಕೆಯ ಹಳೆಯ ತಂತಿಗಳು ಹಕ್ಕಿಯ ಗೂಡಿನಂತೆ ಕಿಕ್ಕಿರಿದಿದ್ದವು. ಜೊತೆಗೆ ಒಂದು ಪ್ರಶ್ನೆ: “ಮಾವ, ಇದನ್ನೆಲ್ಲಾ ಕಿತ್ತು ಬಿಸಾಡಿ ಬರೀ ಕಿಡಿ ಹಾರೋದಕ್ಕೆ ಎಷ್ಟು ಬೇಕೋ ಅಷ್ಟೇ ಇಟ್ಕೊಂಡ್ರೆ ಹೇಗೆ? ಸ್ಪರ್ಧೆ ನಡೆಯೋದು ಹಗಲಲ್ಲಿ ತಾನೆ?”

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನಿಗೆ ಇಂಥ ಪ್ರಶ್ನೆ ಬಂದರೆ ಒಂದು ವಾಕ್ಯದಲ್ಲಿ ಉತ್ತರಿಸಿ ಸುಮ್ಮನಾಗಲು ಸಾಧ್ಯವೇ? ಅದೂ ಈ ಪ್ರಶ್ನೆಯನ್ನು ಈ ಹುಡುಗನೇ ಕೇಳಿದಾಗ ಸುಮ್ಮನಾಗಲು ನನಗೆ ಇನ್ನೂ ಕಷ್ಟ. ಅದರ ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಆ ತಂತಿಗಳು ಅಲ್ಲಿಗೆ ಹೇಗೆ ಬಂದವು ಎಂಬ ಕಥೆ.

ಟ್ರಯಲ್ಸ್ ಎಂಬುದು ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲದ ಕ್ರೀಡೆ. ಅದರಲ್ಲಿ ವೇಗಕ್ಕೆ ಬೆಲೆಯಿಲ್ಲ. ಬಂಡೆ, ಕೆಸರು, ಹಳ್ಳ, ಕಡಿದಾದ ದಿಬ್ಬಗಳ ನಡುವೆ ಗುರುತು ಹಾಕಿದ ಸಣ್ಣ ಸಣ್ಣ ಭಾಗಗಳನ್ನು ಸವಾರ ಕಾಲನ್ನು ನೆಲಕ್ಕೆ ಊರದೆ ದಾಟಬೇಕು. ಒಮ್ಮೆ ಕಾಲೂರಿದರೆ ಒಂದು ಅಂಕ ನಷ್ಟ. ಗಾಡಿ ನಿಂತೇಹೋದರೆ ಐದು. ಯಾರು ಕಡಿಮೆ ಅಂಕ ಕಳೆದುಕೊಳ್ಳುತ್ತಾರೋ ಅವರು ಗೆದ್ದಂತೆ. ಸ್ಕಾಟ್ಲೆಂಡಿನ ಆರು ದಿನಗಳ ಟ್ರಯಲ್ ಇವುಗಳಲ್ಲೆಲ್ಲ ಹೆಸರಾದದ್ದು. ಅದರ ಮೂಲ 1909ರಷ್ಟು ಹಿಂದಕ್ಕೆ ಹೋಗುತ್ತದೆ. ಒಂದು ಪರೀಕ್ಷಾ ಭಾಗದಿಂದ ಇನ್ನೊಂದಕ್ಕೆ ಸವಾರರು ಸಾರ್ವಜನಿಕ ರಸ್ತೆಯಲ್ಲಿಯೇ ಹೋಗಬೇಕಾಗಿದ್ದುದರಿಂದ ಆ ಗಾಡಿಗಳು ಅರ್ಧ ಮೇಕೆ, ಅರ್ಧ ಕುದುರೆ. ಬಂಡೆ ಹತ್ತುವುದಕ್ಕೆ ಹಗುರವಾಗಿರಬೇಕು. ರಸ್ತೆಗಿಳಿದಾಗ ನೋಂದಣಿ ಫಲಕ, ಹಾರ್ನು ಇತ್ಯಾದಿ ಕಾನೂನಿನ ಲಾಂಛನಗಳನ್ನೂ ಹೊತ್ತಿರಬೇಕು. ವೈರಿಂಗಿನ ಸಮಸ್ಯೆಯೆಲ್ಲ ಹುಟ್ಟುವುದು ಈ ಇಬ್ಬಂದಿತನದಲ್ಲಿಯೇ.

ಇನ್ನು ಕಿಡಿಯ ವಿಚಾರ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಒಂದು ಕಿಡಿ ಬೇಕು. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠ ನಿಮಗೆ ನೆನಪಿರಬಹುದು. ತಾಮ್ರದ ಸುರುಳಿಯೊಳಗೆ ಕಾಂತವನ್ನು ಆಡಿಸಿ ಗ್ಯಾಲ್ವನೋಮೀಟರಿನ ಮುಳ್ಳು ಅಲುಗಾಡುವುದನ್ನು ನಾನು ಪ್ರತಿವರ್ಷವೂ ತೋರಿಸುತ್ತಿದ್ದೆ. ಮ್ಯಾಗ್ನೆಟೊ ಎಂಬ ಯಂತ್ರ ಆ ಪ್ರಯೋಗದ ಗಟ್ಟಿಮುಟ್ಟಾದ ರೂಪವಷ್ಟೆ. ಎಂಜಿನ್ನು ತಿರುಗಿದಾಗ ಅದೂ ತಿರುಗಿ ತನ್ನ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಂಡು ಕಿಡಿಯನ್ನು ಹಾರಿಸುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ರಾಬರ್ಟ್ ಬಾಷ್ ಅವರ ಕಾರ್ಯಾಗಾರದಲ್ಲಿ ಗಾಟ್ಲೋಬ್ ಹೊನಾಲ್ಡ್ ಎಂಬ ಎಂಜಿನಿಯರು 1902ರಲ್ಲಿ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊವನ್ನು ಬಳಕೆಗೆ ತಂದರು. ಅದು ಎಷ್ಟು ಯಶಸ್ವಿಯಾಯಿತೆಂದರೆ 1914ರಲ್ಲಿ ಯುದ್ಧ ಆರಂಭವಾದಾಗ ಬ್ರಿಟನ್ನು ತನ್ನ ಎಂಜಿನ್ನುಗಳ ಕಿಡಿಗಾಗಿ ಬಹುಮಟ್ಟಿಗೆ ಶತ್ರುದೇಶವನ್ನೇ ನೆಚ್ಚಿಕೊಂಡಿತ್ತು! ಸರಬರಾಜು ನಿಂತ ಮೇಲೆ ತರಾತುರಿಯಿಂದ ಸ್ವಂತ ತಯಾರಿಕೆಗೆ ತೊಡಗಬೇಕಾಯಿತು.

ಮ್ಯಾಗ್ನೆಟೊ ಇರುವ ಗಾಡಿಗೆ ಕಿಡಿಯ ಮಟ್ಟಿಗೆ ಬ್ಯಾಟರಿ ಬೇಕಿಲ್ಲ. ಪ್ಲಗ್ಗಿಗೆ ಹೋಗುವ ದಪ್ಪ ತಂತಿಯನ್ನು ಬಿಟ್ಟರೆ, ಎಂಜಿನ್ನು ನಿಲ್ಲಿಸುವ ಗುಂಡಿಗೆ ಒಂದು ಸಣ್ಣ ತಂತಿ ಸಾಕು. ಇಲ್ಲೊಂದು ಸ್ವಾರಸ್ಯವಿದೆ. ಮನೆಯ ದೀಪದಲ್ಲಿ ಸ್ವಿಚ್ಚು ಮಂಡಲವನ್ನು ಮುರಿದಾಗ ದೀಪ ಆರುತ್ತದೆ. ಮ್ಯಾಗ್ನೆಟೊದಲ್ಲಿ ಹಾಗಲ್ಲ, ಆ ಸಣ್ಣ ತಂತಿ ಗಾಡಿಯ ಲೋಹಕ್ಕೆ ತಗುಲಿದಾಗ ಎಂಜಿನ್ನು ನಿಲ್ಲುತ್ತದೆ, ಕಡಿದುಹೋದರೆ ಓಡುತ್ತಲೇ ಇರುತ್ತದೆ. ಕಾಡುಮೇಡಿನಲ್ಲಿ ತಂತಿ ಕಡಿದರೂ ಸವಾರ ಮನೆ ಸೇರುತ್ತಾನೆ. ಇದಕ್ಕಿಂತ ಸರಳವಾದ ವೈರಿಂಗು ಇರಲಾರದು.

ಆದರೆ ಮ್ಯಾಗ್ನೆಟೊ ನಿರ್ದೋಷಿಯೇನಲ್ಲ. ನಿಧಾನವಾಗಿ ತಿರುಗುವಾಗ ಅದರ ಕಿಡಿ ದುರ್ಬಲ. ಆದ್ದರಿಂದ ಕಿಕ್ಕರ್ ಒದೆದೂ ಒದೆದೂ ಸವಾರನ ಕಾಲು ಸೋಲುತ್ತಿತ್ತು. ಅದರೊಳಗಿನ ಸುರುಳಿಗೆ ಆ ಕಾಲದಲ್ಲಿ ಅರಗಿನ ಲೇಪನವನ್ನು ಕೊಡುತ್ತಿದ್ದರು. ನಮ್ಮ ದೇಶದ ಕಾಡುಗಳಿಂದ ಹಡಗೇರಿ ಹೋಗುತ್ತಿದ್ದ ಅದೇ ಅರಗು. ಎಂಜಿನ್ನಿನ ಬಿಸಿಗೆ ವರ್ಷಾಂತರದಲ್ಲಿ ಅದು ಮೆತ್ತಗಾಗಿ ಮ್ಯಾಗ್ನೆಟೊ ಕೆಡುವುದಿತ್ತು. ಅರಗಿನ ಮನೆಯ ಗುಣವೇ ಹಾಗೆ, ಬೆಂಕಿಯ ಹತ್ತಿರ ಬಾಳದು.

ಇಷ್ಟಾದರೂ ದೀಪದ ಪ್ರಶ್ನೆ ಉಳಿಯಿತು. ಮೊದಲು ಕಾರ್ಬೈಡ್ ದೀಪಗಳು ಇದ್ದವು. ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲೀನ್ ಅನಿಲದಿಂದ ಉರಿಯುವ ಅವುಗಳಿಗೆ ತಂತಿಯ ಗೊಡವೆಯೇ ಇರಲಿಲ್ಲ. 1920ರ ದಶಕದಲ್ಲಿ ಡೈನಮೋ ಮತ್ತು ಬ್ಯಾಟರಿ ಸಾಮಾನ್ಯವಾದವು. ಲ್ಯೂಕಾಸ್ ಕಂಪನಿ ಮ್ಯಾಗ್ನೆಟೊ ಮತ್ತು ಡೈನಮೋಗಳನ್ನು ಒಂದೇ ಮೈಯಾಗಿಸಿ ‘ಮ್ಯಾಗ್‌ಡೈನೊ’ ಎಂಬ ಹೆಸರಿನಿಂದ ಮಾರಿತು. ಕಿಡಿಯ ಮನೆ ಬೇರೆ, ದೀಪದ ಮನೆ ಬೇರೆ. ಗೋಡೆ ಮಾತ್ರ ಒಂದು. ಆದ್ದರಿಂದ ಟ್ರಯಲ್ಸ್ ಸವಾರ ಡೈನಮೋ, ಬ್ಯಾಟರಿ, ದೀಪಗಳನ್ನು ಬಿಚ್ಚಿ ಮನೆಯಲ್ಲಿಟ್ಟರೂ ಕಿಡಿಗೆ ಯಾವ ಕುಂದೂ ಬರುತ್ತಿರಲಿಲ್ಲ.

ನಮ್ಮ ಊರಿನ ಬುಲೆಟ್ ಸವಾರರಿಗೆ ಇಲ್ಲೊಂದು ಸಂಗತಿಯನ್ನು ತಿಳಿಸಬಯಸುತ್ತೇನೆ. ನಾವು ಪೊಲೀಸರ ಗಾಡಿ, ಜಮೀನ್ದಾರರ ಗಾಡಿ ಎಂದು ತಿಳಿದಿದ್ದ ಬುಲೆಟ್ಟಿನ ಹೊಸ ಮಾದರಿ ಮೊದಲು ಜನರ ಕಣ್ಣಿಗೆ ಬಿದ್ದದ್ದು 1948ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಕೋಲ್ಮೋರ್ ಕಪ್ ಎಂಬ ಟ್ರಯಲ್ ಸ್ಪರ್ಧೆಯಲ್ಲಿ. ಜಾನಿ ಬ್ರಿಟನ್ ಎಂಬ ಸವಾರ 350 ಸಿಸಿಯ ಬುಲೆಟ್ ಮೇಲೆ ಸ್ಕಾಟ್ಲೆಂಡಿನ ಆರು ದಿನಗಳ ಸ್ಪರ್ಧೆಯನ್ನು 1952ರಲ್ಲಿ ಮತ್ತು 1957ರಲ್ಲಿ ಗೆದ್ದರು. ಆ ಎರಡು ಗೆಲುವುಗಳ ನಡುವೆ, 1955ರಲ್ಲಿ, ಮದರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಸ್ಥಾಪನೆಯಾಗಿ ಬುಲೆಟ್ ನಮ್ಮದಾಯಿತು.

ತಂತಿಗಳ ಕಾಡು ಬೆಳೆದದ್ದು ಮುಂದಿನ ಹಂತದಲ್ಲಿ. ಮ್ಯಾಗ್ನೆಟೊ ಮತ್ತು ಡೈನಮೋ ಎರಡೂ ದುಬಾರಿ. ಅವೆರಡನ್ನೂ ಬಿಟ್ಟು ಎಂಜಿನ್ನಿನ ದಂಡದ ತುದಿಗೇ ಒಂದು ಕಾಂತವನ್ನು ಕೂರಿಸಿ, ಸುತ್ತಲೂ ಆರು ಸುರುಳಿಗಳನ್ನಿಟ್ಟರೆ ಆಲ್ಟರ್ನೇಟರ್ ಆಯಿತು. ಟ್ರಯಂಫ್ 1953ರಲ್ಲಿ ತನ್ನ ಸ್ಪೀಡ್ ಟ್ವಿನ್ ಗಾಡಿಗೆ ಇದನ್ನು ಅಳವಡಿಸಿತು. ಮರುವರ್ಷದ ಟೈಗರ್ ಕಬ್ಬಿನಲ್ಲಿಯೂ ಇದೇ ವ್ಯವಸ್ಥೆ. ಆಲ್ಟರ್ನೇಟರಿನಿಂದ ಬರುವುದು ಪರ್ಯಾಯ ವಿದ್ಯುತ್ತು. ಅದನ್ನು ರೆಕ್ಟಿಫೈಯರ್ ನೇರ ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಅದು ಬ್ಯಾಟರಿಯನ್ನು ತುಂಬುತ್ತದೆ. ಬ್ಯಾಟರಿಯಿಂದ ಕಿಡಿಯ ಕಾಯಿಲಿಗೂ ದೀಪಕ್ಕೂ ಹಾರ್ನಿಗೂ ಹಂಚಿಕೆ. ಹೀಗೆ ಅಲ್ಲಿಯವರೆಗೆ ಬೇರೆ ಬೇರೆಯಾಗಿದ್ದ ಎರಡು ಮನೆಗಳು ಒಂದೇ ಒಲೆಯ ಕೂಡುಕುಟುಂಬವಾದವು. ಹಾರ್ನಿನ ತಂತಿ ಸವೆದು ಎಲ್ಲಿಯೋ ತಗುಲಿದರೆ ಎಂಜಿನ್ನೂ ನಿಲ್ಲುವಂತಾಯಿತು.

ನಮ್ಮ ಹುಡುಗನಿಗೆ ಅರ್ಥವಾಗದಿದ್ದ ಒಗಟು ಇಲ್ಲಿದೆ. ಆಲ್ಟರ್ನೇಟರಿನಿಂದ ಎರಡಲ್ಲ, ಮೂರು ತಂತಿಗಳು ಹೊರಬರುತ್ತವೆ. ಅವು ನೇರವಾಗಿ ರೆಕ್ಟಿಫೈಯರಿಗೆ ಹೋಗದೆ ಹೆಡ್‌ಲೈಟಿನ ಸ್ವಿಚ್ಚಿನವರೆಗೆ ಹೋಗಿ ಮರಳುತ್ತವೆ. ಏಕೆ? ವಿದ್ಯುತ್ತು ಹೆಚ್ಚಾಗಿ ಬ್ಯಾಟರಿ ಕುದಿಯದಂತೆ ತಡೆಯುವ ಅಗ್ಗದ ನಿಯಂತ್ರಕ ಆಗ ಇರಲಿಲ್ಲ. ಆದ್ದರಿಂದ ದೀಪದ ಸ್ವಿಚ್ಚಿಗೇ ಆ ಕೆಲಸವನ್ನೂ ಒಪ್ಪಿಸಿದ್ದರು. ದೀಪ ಆರಿದ್ದಾಗ ಕೆಲವು ಸುರುಳಿಗಳನ್ನು ಸ್ವಿಚ್ಚು ಕಟ್ಟಿಹಾಕುತ್ತದೆ, ಹೆಡ್‌ಲೈಟು ಹಾಕಿದಾಗ ಆರನ್ನೂ ದುಡಿಸುತ್ತದೆ. ಬ್ಯಾಟರಿ ಪೂರ್ತಿ ಬತ್ತಿದಾಗ ಗಾಡಿಯನ್ನು ಎಬ್ಬಿಸಲು ‘ತುರ್ತು’ ಎಂಬ ಇನ್ನೊಂದು ಸ್ಥಾನ ಬೇರೆ, ಅದಕ್ಕೂ ತಂತಿಗಳು. ನೋಡಿದವರಿಗೆ ಅನವಶ್ಯಕವೆಂದು ತೋರುವ ಒಂದೊಂದು ತಂತಿಯೂ ಅಲ್ಲಿ ಇಲ್ಲದ ಒಂದು ಉಪಕರಣದ ಪರವಾಗಿ ಕೂಲಿ ಮಾಡುತ್ತಿತ್ತು.

ಇಂಥ ಗಾಡಿಯನ್ನು ಬಂಡೆಗಳ ಮೇಲೆ ಹತ್ತಿಸಿದರೆ ಏನಾಗುತ್ತದೆ? ಬ್ಯಾಟರಿಯೊಳಗಿನ ಸೀಸದ ಫಲಕಗಳು ಅದುರಿ ಮುರಿಯುತ್ತವೆ, ಆಮ್ಲ ಚೆಲ್ಲುತ್ತದೆ. ಅದಕ್ಕಾಗಿ ಲ್ಯೂಕಾಸ್ ‘ಎನರ್ಜಿ ಟ್ರಾನ್ಸ್‌ಫರ್’ ಎಂಬ ಬೇರೊಂದು ವಿಧಾನವನ್ನು ಸ್ಪರ್ಧೆಯ ಗಾಡಿಗಳಿಗೆ ಒದಗಿಸಿತು. ಅದರಲ್ಲಿ ಬ್ಯಾಟರಿಯಿಲ್ಲ, ರೆಕ್ಟಿಫೈಯರಿಲ್ಲ. ಕೆಲವು ಸುರುಳಿಗಳು ಕಿಡಿಗೆ ಮೀಸಲು, ಉಳಿದವು ನೇರವಾಗಿ ದೀಪಕ್ಕೆ. ತಂತಿಗಳು ಕಡಿಮೆಯಾದವು, ಆದರೆ ಕಷ್ಟ ಕಡಿಮೆಯಾಗಲಿಲ್ಲ. ಸುರುಳಿಯಲ್ಲಿ ವಿದ್ಯುತ್ತು ಉತ್ತುಂಗಕ್ಕೆ ಏರಿದ ಕ್ಷಣದಲ್ಲಿಯೇ ಕಾಂಟ್ಯಾಕ್ಟ್ ಪಾಯಿಂಟುಗಳು ತೆರೆಯಬೇಕು. ತುಸು ಹಿಂದುಮುಂದಾದರೂ ಕಿಡಿ ಸೊರಗುತ್ತದೆ. ತಂತಿ ಉಳಿಸಿದ್ದಕ್ಕೆ ದಂಡವಾಗಿ ಹೊಂದಾಣಿಕೆಯ ಸೂಕ್ಷ್ಮವನ್ನು ತೆರಬೇಕಾಯಿತು. ದೀಪದ ಕಡೆಯಲ್ಲಿಯೂ ಹಾಗೆಯೇ. ನಿಯಂತ್ರಕವಿಲ್ಲದ ನೇರ ದೀಪಗಳಲ್ಲಿ ಒಂದು ಬಲ್ಬು ಸುಟ್ಟರೆ ಅದರ ಪಾಲಿನ ಹೊರೆಯೂ ಇನ್ನೊಂದರ ಮೇಲೆ ಬಿದ್ದು ಅದೂ ಸುಡುತ್ತದೆ. ಹಳೆಯ ಮೊಪೆಡ್ಡುಗಳನ್ನು ಓಡಿಸಿದವರಿಗೆ ಇದು ಅನುಭವದ ಮಾತು. ಹಾಗೆಂದು ಟೈಗರ್ ಕಬ್ ಸೋತ ಗಾಡಿಯೇನಲ್ಲ. 1959ರಲ್ಲಿ ರಾಯ್ ಪೆಪ್ಲೊ ಅದರ ಮೇಲೆಯೇ ಸ್ಕಾಟ್ಲೆಂಡಿನ ಆರು ದಿನಗಳ ಸ್ಪರ್ಧೆಯನ್ನು ಗೆದ್ದರು.

ನಿಜವಾದ ಸರಳತೆ ಎರಡು ದಿಕ್ಕುಗಳಿಂದ ಬಂದಿತು. ಒಂದು, ಸ್ಪೇನಿನಿಂದ. ಏರಿಯಲ್ ಗಾಡಿಯ ಮೇಲೆ ಮೆರೆದಿದ್ದ ಸ್ಯಾಮಿ ಮಿಲ್ಲರ್ 1964ರ ಕೊನೆಯಲ್ಲಿ ಬುಲ್ಟಾಕೊ ಕಂಪನಿಗೆ ಸೇರಿ, ಶೆರ್ಪಾ ಎಂಬ ಹಗುರವಾದ ಎರಡು ಸ್ಟ್ರೋಕಿನ ಗಾಡಿಯನ್ನು ರೂಪಿಸಲು ನೆರವಾದರು. 1965ರಲ್ಲಿ ಅದರ ಮೇಲೆ ಸ್ಕಾಟ್ಲೆಂಡಿನ ಸ್ಪರ್ಧೆಯನ್ನು ಗೆದ್ದರು. ಬ್ರಿಟನ್ನಿನದಲ್ಲದ ಗಾಡಿಯೊಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಅದರಲ್ಲಿದ್ದುದು ಎಂಜಿನ್ನಿನ ಫ್ಲೈವೀಲಿನೊಳಗೇ ಅಡಗಿದ ಮ್ಯಾಗ್ನೆಟೊ. ಅಂದರೆ ಹೊಸಗಾಡಿ ಹಳೆಯ ತತ್ತ್ವಕ್ಕೇ ಮರಳಿತ್ತು: ಕಿಡಿಯ ಮನೆ ಬೇರೆ.

ಇನ್ನೊಂದು, ಅರೆವಾಹಕಗಳಿಂದ. 1960ರ ದಶಕದ ಮಧ್ಯದಲ್ಲಿ ಬ್ರಿಟಿಷ್ ಗಾಡಿಗಳು ಆರು ವೋಲ್ಟಿನಿಂದ ಹನ್ನೆರಡಕ್ಕೆ ಏರಿದಾಗ ಝೀನರ್ ಡಯೋಡ್ ಎಂಬ ಪುಟ್ಟ ಬಿಲ್ಲೆ ಜೊತೆಗೆ ಬಂದಿತು. ವೋಲ್ಟೇಜು ಮಿತಿ ಮೀರಿದರೆ ಹೆಚ್ಚಿನದನ್ನು ಅದು ಶಾಖವಾಗಿ ಹೊರಹಾಕುತ್ತದೆ. ಕೆರೆಯ ಕೋಡಿ ಇದ್ದಂತೆ. ನಿಯಂತ್ರಣದ ಕೆಲಸ ಅದಕ್ಕೆ ಹೋದ ಮೇಲೆ ಸ್ವಿಚ್ಚಿನವರೆಗಿನ ಸುತ್ತು ಪ್ರಯಾಣ ಬೇಡವಾಯಿತು. ಕೆಲವೇ ವರ್ಷಗಳಲ್ಲಿ ಮೂರು ತಂತಿಗಳ ಆಲ್ಟರ್ನೇಟರಿನ ಜಾಗಕ್ಕೆ ಎರಡು ತಂತಿಗಳದು ಬಂದಿತು. ಮೂರನೆಯ ತಂತಿಯನ್ನು ಯಾರೂ ಕತ್ತರಿಸಲಿಲ್ಲ. ಅದರ ಕೆಲಸ ಮುಗಿದಿತ್ತು, ಹಣ್ಣೆಲೆಯಂತೆ ತಾನೇ ಉದುರಿತು. ಬ್ಯಾಟರಿಯ ಬದಲಿಗೆ ಒಂದು ದೊಡ್ಡ ಕೆಪಾಸಿಟರನ್ನು ಇಟ್ಟು ಗಾಡಿ ಓಡಿಸುವ ಉಪಾಯವೂ ಆಗಲೇ ಬಳಕೆಗೆ ಬಂದಿತು.

ಈ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು ಇಷ್ಟೆ. ತಂತಿ ಕಡಿಮೆಯಾಯಿತೆಂದ ಮಾತ್ರಕ್ಕೆ ಗಾಡಿ ಸರಳವಾಗುವುದಿಲ್ಲ. ತಂತಿ ಮಾಡುತ್ತಿದ್ದ ಕೆಲಸವನ್ನು ಇನ್ನೊಂದಕ್ಕೆ ಒಪ್ಪಿಸಿದಾಗ, ಇಲ್ಲವೇ ಆ ಕೆಲಸವೇ ಬೇಡವೆಂದು ತಿಳಿದು ನಿರ್ಧರಿಸಿದಾಗ ಮಾತ್ರ ಸರಳವಾಗುತ್ತದೆ. ತಿಳಿಯದೆ ಕತ್ತರಿಸಿದರೆ ತಂತಿ ಹೋಗುತ್ತದೆ, ಕೆಲಸ ಅನಾಥವಾಗಿ ಉಳಿಯುತ್ತದೆ.

ಈಗ ಮೊದಲೇ ಹೇಳಿದ ಕಾರಣಕ್ಕೆ ಬರುತ್ತೇನೆ.

1983ರ ಬೇಸಿಗೆ. ನಾನು ಹಳೆಯ ಮೋಟಾರು ಸೈಕಲ್ಲೊಂದನ್ನು ಕೊಂಡು, ಬಿಚ್ಚಿ, ಬಣ್ಣ ಬಳಿದು ಜೋಡಿಸಿದ್ದೆ. ಹಿಂದಿನ ದೀಪದಿಂದ ಚೌಕಟ್ಟಿಗೆ ಒಂದು ಸಣ್ಣ ಕಪ್ಪು ತಂತಿಯಿತ್ತು. ಗಾಡಿಯ ಮೈಯೆಲ್ಲ ಲೋಹ. ವಿದ್ಯುತ್ತು ಮರಳಲು ಅದೇ ದಾರಿ ಸಾಕು, ಇದೇಕೆ ಎಂದು ಅದನ್ನು ಕಿತ್ತುಹಾಕಿದೆ. ಅಂಗಳದಲ್ಲಿ ದೀಪ ಚೆನ್ನಾಗಿಯೇ ಉರಿಯಿತು. ವಿಜ್ಞಾನದ ಮೇಷ್ಟರಿಗೆ ತಮ್ಮ ಜಾಣತನದ ಬಗ್ಗೆ ಸಂತೋಷವೂ ಆಯಿತು. ಬಣ್ಣ ವಿದ್ಯುತ್ತನ್ನು ತಡೆಯುತ್ತದೆ, ಹಿಂದಿನ ಮಡ್‌ಗಾರ್ಡು ಚೌಕಟ್ಟನ್ನು ಮುಟ್ಟುತ್ತಿದ್ದುದು ಒಂದೇ ಒಂದು ಬೋಲ್ಟಿನ ಗೀರಿನಲ್ಲಿ ಎಂಬುದನ್ನು ನಾನು ಯೋಚಿಸಲಿಲ್ಲ. ವಾರದ ನಂತರ ಸಂಜೆಗತ್ತಲಲ್ಲಿ ಸಂತೆಯಿಂದ ಬರುತ್ತಿದ್ದೆವು. ಹಿಂದೆ ಕುಳಿತಿದ್ದವನು ಇದೇ ಹುಡುಗ, ಆಗ ಹನ್ನೊಂದು ವರ್ಷ. ಕುಲುಕಾಟಕ್ಕೆ ಬೋಲ್ಟು ಸಡಿಲವಾಗಿ ದೀಪ ಎಲ್ಲಿ ಆರಿತೋ ನನಗೆ ತಿಳಿಯಲಿಲ್ಲ. ಮುಂದಿನ ದೀಪ ಉರಿಯುತ್ತಲೇ ಇತ್ತು. ಹಿಂದಿನಿಂದ ಬಂದ ಲಾರಿ ತೀರ ಹತ್ತಿರಕ್ಕೆ ಬಂದು ಹಾರ್ನು ಮಾಡಿತು. ಗಾಬರಿಯಿಂದ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿದೆ, ಚರಂಡಿಗೆ ಬಿದ್ದೆವು. ನನಗೆ ತರಚುಗಾಯ; ಹುಡುಗನ ಎಡಗೈ ಮೂಳೆ ಮುರಿಯಿತು.

ಊರಿನವರೆಲ್ಲ ಲಾರಿಯವನನ್ನು ಬೈದರು. ತಂಗಿಯೂ ಬೈದಳು. ನಾನು ಸುಮ್ಮನಿದ್ದೆ. ಸರಿಯಾದ ಉತ್ತರ ಗೊತ್ತಿದ್ದೂ ಕೈಯೆತ್ತದ ವಿದ್ಯಾರ್ಥಿಯನ್ನು ತರಗತಿಯಲ್ಲಿ ಎಷ್ಟು ಸಲ ಗದರಿಸಿದ್ದೇನೋ! ಈ ವಿಷಯದಲ್ಲಿ ನಾನೇ ನಲವತ್ತು ವರ್ಷ ಕೈಯೆತ್ತಲಿಲ್ಲ. ತಂಗಿ ಇದನ್ನು ಓದುತ್ತಾಳೆ. ಲಾರಿಯವನ ತಪ್ಪಲ್ಲ ಕಣಮ್ಮಾ, ನನ್ನದೇ.

ಹುಡುಗನ ಪ್ರಶ್ನೆ ಬಂದ ದಿನ ರಾತ್ರಿ ಆತನಿಗೆ ಫೋನು ಮಾಡಿ ಇದನ್ನು ಹೇಳಿದೆ. ಆತ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಗೊತ್ತಿತ್ತು ಮಾವ. ಕೈಗೆ ಪಟ್ಟಿ ಹಾಕಿಸ್ಕೊಂಡು ಜಗಲಿ ಮೇಲೆ ಕೂತಿದ್ದೆನಲ್ಲ, ನೀವು ಆ ಕಪ್ಪು ತಂತಿ ಹುಡುಕಿ ಮತ್ತೆ ಹಾಕಿದ್ದನ್ನ ನೋಡಿದ್ದೆ. ಅದಕ್ಕೇ ಈಗ ನಿಮ್ಮನ್ನ ಕೇಳಿದ್ದು” ಎಂದ.

ಬಳಿಕ ಇಬ್ಬರೂ ಸೇರಿ ಕೆಲಸಕ್ಕೆ ತೊಡಗಿದೆವು. ನಾನು ಇಲ್ಲಿ ಕಾಗದದ ಮೇಲೆ, ಆತ ಅಲ್ಲಿ ಗಾಡಿಯ ಮೇಲೆ. ಮೊದಲು ಪ್ರತಿಯೊಂದು ತಂತಿಗೂ ಚೀಟಿ ಕಟ್ಟಿ ಅದರ ಕೆಲಸವನ್ನು ಬರೆಯಲು ಹೇಳಿದೆ. ಆಲ್ಟರ್ನೇಟರಿನ ಮೂರು ತಂತಿಗಳಲ್ಲಿ ಎರಡನ್ನು ಒಂದುಗೂಡಿಸಿ, ನಿಯಂತ್ರಣವನ್ನು ಈಗಿನ ಕಾಲದ ಹನ್ನೆರಡು ವೋಲ್ಟಿನ ರೆಗ್ಯುಲೇಟರಿಗೆ ಒಪ್ಪಿಸಿದೆವು. ಆರು ವೋಲ್ಟಿನ ಕಾಯಿಲು, ಬಲ್ಬು, ಹಾರ್ನುಗಳನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕಾಯಿತು. ಬ್ಯಾಟರಿಯ ಜಾಗದಲ್ಲಿ ಕೆಪಾಸಿಟರ್. ಅಲ್ಲಿಯೂ ಒಂದು ಎಚ್ಚರಿಕೆ ಬೇಕಾಗಿತ್ತು. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಚೌಕಟ್ಟಿಗೆ ಜೋಡಿಸುವುದು ಧನಾಗ್ರವನ್ನು, ನಾವು ರೂಢಿಯಲ್ಲಿ ಕಾಣುವ ಋಣಾಗ್ರವನ್ನಲ್ಲ. ಕೆಪಾಸಿಟರನ್ನು ತಿರುಗಾಮುರುಗಾ ಜೋಡಿಸಿದರೆ ಸಿಡಿದೀತು. ಅಮ್ಮೀಟರನ್ನು ತೆಗೆದೆವು, ಏಕೆಂದರೆ ತೋರಿಸಲು ಬ್ಯಾಟರಿಯೇ ಇಲ್ಲ. ಹಳೆಯ ಸ್ವಿಚ್ಚು ಹೋಯಿತು. ದೀಪಕ್ಕೆ ಬೇರೆ ಸ್ವಿಚ್ಚು ಬಂತು. ಕಿಕ್ಕರ್ ಒದೆಯುವಾಗ ಅದನ್ನು ಆರಿಸಿಟ್ಟರೆ ಇರುವ ಅಲ್ಪ ವಿದ್ಯುತ್ತೆಲ್ಲ ಕಿಡಿಗೇ ಸಲ್ಲುತ್ತದೆ. ಒಂದು ಫ್ಯೂಸನ್ನೂ ಹೊಸದಾಗಿ ಸೇರಿಸಿದೆವು. ಸರಳಗೊಳಿಸುವುದೆಂದರೆ ಕೆಲವೊಮ್ಮೆ ಕೂಡಿಸುವುದೂ ಹೌದು.

ಬ್ರಿಟನ್ನಿನ ಕಾನೂನಿನಲ್ಲಿ ಮುಂದೆಯೂ ಹಿಂದೆಯೂ ದೀಪವೇ ಇಲ್ಲದ ಗಾಡಿಯನ್ನು ಹಗಲು ಬೆಳಕಿನಲ್ಲಿ ಓಡಿಸಲು ಅವಕಾಶವಿದೆ. ನಮ್ಮಲ್ಲಿಯಾದರೋ 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಹಗಲಲ್ಲಿಯೂ ತಾನಾಗಿಯೇ ಉರಿಯುತ್ತಿರಬೇಕು. ಆದ್ದರಿಂದ ದೀಪಗಳನ್ನೆಲ್ಲ ತೆಗೆದುಬಿಡುವುದು ಆತನಿಗೆ ಸಾಧ್ಯವಿತ್ತು. ನಾನು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಆತನೇ ಹಿಂದಿನ ಕೆಂಪು ದೀಪವನ್ನು ಉಳಿಸಿಕೊಂಡ. ಅದರಿಂದ ಒಂದು ಕಪ್ಪು ತಂತಿ ಚೌಕಟ್ಟನ್ನು ನಂಬದೆ ಎಂಜಿನ್ನಿನ ಬಳಿಯ ಸಾಮಾನ್ಯ ಬಿಂದುವಿನವರೆಗೆ ನೇರವಾಗಿ ಬರುತ್ತದೆ.

ಆ ತಂತಿಗೆ ಅಂಗಡಿಯವರು ‘ಅರ್ಥ್’ ಎನ್ನುತ್ತಾರೆ. ಅರ್ಥ್ ಇಲ್ಲದ ವೈರಿಂಗು ಅರ್ಥವಿಲ್ಲದ ವಾಕ್ಯದಂತೆ ಎಂದು ನಾನು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆ. ಆ ಮಾತನ್ನು ನಾನು ಹೇಳಲಾರಂಭಿಸಿದ್ದು 1983ರ ಜೂನಿನಿಂದ ಎಂಬುದು ನಿಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ.

ಕಳೆದ ವಾರ ಹೊಸ ಚಿತ್ರವೊಂದು ಬಂದಿತು. ಗಾಡಿ ತೋಟದ ಹುಲ್ಲಿನ ಮೇಲೆ ನಿಂತಿದೆ, ಹಿಂದಿನ ದೀಪ ಕೆಂಪಗೆ ಉರಿಯುತ್ತಿದೆ. ಮೊದಲು ಮೂವತ್ತಕ್ಕೂ ಮಿಕ್ಕಿದ್ದ ತಂತಿಗಳು ಈಗ ಹನ್ನೆರಡು. ಹನ್ನೆರಡರ ಕೆಲಸವನ್ನೂ ಆತ ಬಾಯಲ್ಲಿ ಹೇಳಬಲ್ಲ. ನಾನು ಪರೀಕ್ಷಿಸಿ ನೋಡಿದ್ದೇನೆ.